ಸೌಜನ್ಯದಿಂದ ರದ್ದಾದ ಟೆಂಡರು

“ನೀವ ನೀವ ಒಳಗೊಳಗ ಮಾತಾಡಿಕೊಂಡೀರಿ ಅಂತ ಕಾಣಸ್ತದ.”

ಹುಬ್ಬಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ, ನನ್ನ ಮುಖವನ್ನು ನೋಡದೆ ಕಂಪ್ಯೂಟರಿನ ಪರದೆಯನ್ನು ನೋಡುತ್ತ, ಅಲ್ಲಿಯ ಇಂಜಿನಿಯರು ನನಗೆ ಹೇಳಿದ ಮೊದಲ ವಾಕ್ಯ ಇದು. ಅವರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕುಳಿತುಕೊಳ್ಳಿ ಎಂದದ್ದು ಈ ಮಾತು ಮುಗಿದ ಮೇಲೆ. ನಮ್ಮ ಕಡೆ ಜಗಳಕ್ಕೆಂದೇ ಬಂದವನಿಗೂ ಮೊದಲು ತಂಬಿಗೆಯಲ್ಲಿ ನೀರು ಕೊಟ್ಟು, ಕೂರಿಸಿ, ಆಮೇಲೆ ಜಗಳ ತೆಗೆಯುತ್ತಾರೆ. ಆ ಕ್ರಮ ತಪ್ಪಿದ್ದನ್ನು ನಾನು ಇನ್ನೂ ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ಆದರೆ ಆ ವಾಕ್ಯದಲ್ಲಿದ್ದ ಆರೋಪ ಅದಕ್ಕಿಂತ ಭಾರವಾದದ್ದು. ನಾವು ಹುಟ್ಟಿದಾಗಿನಿಂದ ಮರ್ಯಾದೆ ಎಂದು ನಡೆಸಿಕೊಂಡು ಬಂದದ್ದಕ್ಕೆ ಕಾನೂನಿನಲ್ಲಿ ಬೇರೆಯೇ ಒಂದು ಹೆಸರಿದೆ, ಆ ಹೆಸರು ಅಪರಾಧದ ಹೆಸರು, ಎಂದು ನನಗೆ ಗೊತ್ತಾದದ್ದು ಅಂದು.

ನಾನು ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಎರಕದ ಕಾರ್ಖಾನೆ ನಡೆಸುವವನು. ಕಬ್ಬಿಣವನ್ನು ಭಟ್ಟಿಯಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು, ಪಂಪಿನ ಕವಚ, ಗಿರಣಿಯ ಚಕ್ರ, ಇಂಥವುಗಳನ್ನು ಮಾಡಿಕೊಡುವುದು ನಮ್ಮ ಕಸುಬು. ಪಂಪಿನ ಕಂಪನಿಗಳು ಒಂದೊಂದಾಗಿ ಬೇರೆ ಕಡೆಯಿಂದ ತರಿಸತೊಡಗಿದ ಮೇಲೆ ನಮ್ಮ ಭಟ್ಟಿ ಉರಿಯುವ ದಿನಗಳು ಕಡಿಮೆಯಾದವು. ಅಚ್ಚು ಕಟ್ಟುವ ಹಿರಿಯ ಕೆಲಸಗಾರನೂ ಅವನ ಜೊತೆಯವರೂ ಬೆಳಿಗ್ಗೆ ಬಂದು, ಮರಳು ಜರಡಿ ಹಿಡಿದು, ಮಾಡಲು ಬೇರೇನೂ ಇಲ್ಲದೆ ಅದೇ ಮರಳನ್ನು ಮತ್ತೆ ಜರಡಿ ಹಿಡಿಯುತ್ತಿದ್ದರು. ಇನ್ನೊಂದು ಹಂಗಾಮು ಹೀಗೇ ಹೋದರೆ ಶೆಡ್ಡಿನ ಬಾಗಿಲು ಎಳೆಯಬೇಕು ಎಂಬುದನ್ನು ಹೆಂಡತಿಗೆ ಮಾತ್ರ ಹೇಳಿದ್ದೆ.

ಆಗ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ರಸ್ತೆಗಳ ಬದಿಯಲ್ಲಿ ಹೊಸ ಚರಂಡಿ ಕಟ್ಟುವ ಕಾಮಗಾರಿ ಹೊರಟಿತು. ಚರಂಡಿಗೆ ಕಬ್ಬಿಣದ ಜಾಲರಿ ಮುಚ್ಚಳ ಬೇಕು, ಓಣಿಗಟ್ಟಲೆ ಬೇಕು. ಹಿಂದೆ ಇಂಥ ಕೆಲಸಕ್ಕೆ ನಾವು ಅರ್ಜಿ ಹಾಕುವ ಹಾಗೂ ಇರಲಿಲ್ಲ. ದೊಡ್ಡ ಗುತ್ತಿಗೆದಾರನೊಬ್ಬ ಇಡೀ ರಸ್ತೆಯನ್ನೇ ಹಿಡಿಯುತ್ತಿದ್ದ. ಮುಚ್ಚಳಗಳು ಎಲ್ಲಿಂದಲೋ ಲಾರಿಯಲ್ಲಿ ಬರುತ್ತಿದ್ದವು. ನನ್ನ ಶೆಡ್ಡಿನ ಮುಂದಿನ ರಸ್ತೆಯಲ್ಲಿಯೇ ಅಂಥದೊಂದು ಇದೆ. ಅದರ ಮೈಮೇಲೆ ನಮ್ಮ ಊರಿನ ಹೆಸರು ಉಬ್ಬಕ್ಷರದಲ್ಲಿದೆ. ನಮ್ಮ ಊರಿನ ಹೆಸರನ್ನು ಪರವೂರಿನಲ್ಲಿ ಎರಕ ಹೊಯ್ಯಿಸಿ, ಎರಕದವನ ಬಾಗಿಲಿಗೇ ತಂದು ಹಾಕಿದ್ದನ್ನು ನಾನು ಪ್ರತಿದಿನ ದಾಟಿಕೊಂಡು ಹೋಗುತ್ತೇನೆ. ಒಮ್ಮೆಯೂ ಅದನ್ನು ತುಳಿದಿಲ್ಲ. ಗೌರವದಿಂದ ಅಲ್ಲ.

ಈ ಸಲ ಸರ್ಕಾರದ ನೀತಿ ಬೇರೆಯಾಗಿತ್ತು. ಸಾರ್ವಜನಿಕ ಕಾಮಗಾರಿಗೆ ಬೇಕಾಗುವ ಸಾಮಾನಿನಲ್ಲಿ ಒಂದು ಪಾಲನ್ನು ಸ್ಥಳೀಯ ಸಣ್ಣ ಘಟಕಗಳಿಗೇ ಮೀಸಲಿಡಬೇಕು, ಅವುಗಳಿಂದ ಠೇವಣಿ ಕೇಳಬಾರದು, ಹಿಂದೆ ಇಷ್ಟು ದೊಡ್ಡ ಕೆಲಸ ಮಾಡಿದ್ದೀರಾ ಎಂದು ಪುರಾವೆ ಬೇಡಬಾರದು. ಇದನ್ನು ತಿಳಿಸಲು ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಸಭೆ ಕರೆದಿದ್ದರು. ಬಾಗಿಲಲ್ಲಿ ನನ್ನ ಕೊರಳಿಗೆ ಒಂದು ಚೀಟಿ ತೂಗುಹಾಕಿದರು. ಅದರ ಮೇಲೆ ‘ಫಲಾನುಭವಿ’ ಎಂದು ಅಚ್ಚಾಗಿತ್ತು. ಫಲ ಇನ್ನೂ ಗಿಡದಲ್ಲಿಯೇ ಇತ್ತು. ನಾನು ಚೀಟಿಯನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಂಡೆ. ಊಟದ ಸಾಲಿನಲ್ಲಿ ಚೀಟಿ ಇಲ್ಲದವರಿಗೆ ತಟ್ಟೆ ಇಲ್ಲವೆಂದರು. ಊಟ ಮಾಡದೆ ಬಸ್ಸು ಹತ್ತಿ ಧಾರವಾಡಕ್ಕೆ ಬಂದೆ. ಆದರೂ ಆ ನೀತಿ ಒಳ್ಳೆಯದು ಎಂದು ಅಂದೇ ಅನ್ನಿಸಿತ್ತು, ಇಂದಿಗೂ ಅನ್ನಿಸುತ್ತದೆ. ಒಳ್ಳೆಯದನ್ನು ಕೊಡುವವರು ಅದನ್ನು ಕೊಡುವ ರೀತಿಯನ್ನು ಕಲಿತಿರುವುದಿಲ್ಲ, ಅಷ್ಟೇ.

ಇನ್ನು ನಮ್ಮ ಪದ್ಧತಿಯ ವಿಷಯ. ನನ್ನ ತಂದೆಯ ದುಕಾನು ಹುಬ್ಬಳ್ಳಿಯ ಕಮರಿಪೇಟೆಯಲ್ಲಿತ್ತು. ಒಂದೇ ಓಣಿಯಲ್ಲಿ ಕಬ್ಬಿಣದ ಕೆಲಸದ ಹಲವು ದುಕಾನು. ಗಿರಾಕಿಯೊಬ್ಬ ಒಂದು ಬಾಗಿಲಲ್ಲಿ ನಿಂತು ಮಾತು ಆರಂಭಿಸಿದನೆಂದರೆ ಉಳಿದವರು ತಲೆ ತಗ್ಗಿಸಿ ತಮ್ಮ ಕೆಲಸ ಮಾಡುತ್ತಿದ್ದರು. ದರ ಕುದುರದೆ ಅವನು ಪಕ್ಕದ ಬಾಗಿಲಿಗೆ ಬಂದರೆ, ಪಕ್ಕದವನು ಕೇಳುತ್ತಿದ್ದದ್ದು ಅಲ್ಲಿ ಎಷ್ಟು ಹೇಳಿದರು ಎಂದಲ್ಲ, “ಅವರ ಕಡೆ ಮಾತು ಮುಗಿಸಿ ಬಂದೀರೇನು?” ಎಂದು. ಮುಗಿಸದೆ ಬಂದಿದ್ದರೆ ತಿರುಗಿ ಕಳಿಸುತ್ತಿದ್ದ. ಇನ್ನೊಬ್ಬನ ಮಾತಿನ ನಡುವೆ ಬಾಯಿ ಹಾಕುವುದು ಇನ್ನೊಬ್ಬನ ಎಲೆಗೆ ಕೈ ಹಾಕಿದ ಹಾಗೆ.

ಲಕಮನಹಳ್ಳಿಗೆ ಬಂದ ಮೇಲೆಯೂ ನಮ್ಮ ಶೆಡ್ಡುಗಳ ಸಾಲಿನ ಎರಕದವರೆಲ್ಲ ಅದನ್ನೇ ನಡೆಸಿದೆವು. ಶೆಡ್ಡು ತೆರೆಯುವ ಮುಂಚೆ ಮೂಲೆಯ ಚಹಾದ ಗಾಡಿಯ ಹತ್ತಿರ ಸೇರುತ್ತೇವೆ. ಯಾವುದಾದರೂ ಕೆಲಸದ ಬಗ್ಗೆ ಒಬ್ಬ “ಇದನ್ನ ನಾ ನೋಡಾಂವ ಇದ್ದೀನಿ” ಎಂದರೆ ಮುಗಿಯಿತು, ಉಳಿದವರು ಅದರತ್ತ ನೋಡುವುದಿಲ್ಲ. ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಇದು ಬರಹದಲ್ಲಿಲ್ಲ. ಬರೆಯಬೇಕಾದಷ್ಟು ಅಪನಂಬಿಕೆ ನಮ್ಮಲ್ಲಿ ಇರಲಿಲ್ಲ.

ಜಾಲರಿ ಮುಚ್ಚಳದ ಟೆಂಡರು ಹೊರಬಿದ್ದ ಮರುದಿನ ಚಹಾದ ಗಾಡಿಯ ಹತ್ತಿರ ನಾನು ಆ ಮಾತನ್ನು ಹೇಳಿದೆ. ಸಾಲಿನಲ್ಲಿ ನಾನೇ ಹಿರಿಯ. ನನ್ನ ಎದುರಿನ ಶೆಡ್ಡಿನವನು, ನನಗಿಂತ ಬಹಳ ಕಿರಿಯ, ಕಪ್ಪನ್ನು ಕೆಳಗಿಟ್ಟು, “ಹಾಕ್ರಿ ಕಾಕಾ, ಛಲೋ ಆತು” ಎಂದ. ಈ ಎದುರಿನವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅವನ ಮನೆಯ ಗೃಹಪ್ರವೇಶದ ದಿನ ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದ್ದ. ಮೊದಲನೆಯ ಪಂಕ್ತಿಯಲ್ಲಿ ಬ್ಯಾಂಕಿನವರಿದ್ದರು. ಬಡಿಸುವವರು ನನ್ನ ಹತ್ತಿರ ಬರುವಷ್ಟರಲ್ಲಿ ಹೋಳಿಗೆ ತಣ್ಣಗಾಗಿತ್ತು. ಇದನ್ನು ಬಿಟ್ಟರೆ ಅವನ ಮೇಲೆ ನನ್ನ ದೂರು ಇರಲಿಲ್ಲ, ಆಗ.

ನಾನು ದರ ಹಾಕಿದೆ. ಬೇರೆ ಯಾರೂ ಹಾಕಲಿಲ್ಲ. ಒಂದೇ ಟೆಂಡರು ಬಂದಿದೆ ಎಂಬ ಕಾರಣಕ್ಕೆ ಅದು ರದ್ದಾಯಿತು. ಒಂದೇ ಬಂದರೇನು ತಪ್ಪು ಎಂದು ಕೇಳಲು ಹುಬ್ಬಳ್ಳಿಗೆ ಹೋದಾಗಲೇ ನಾನು ಮೊದಲಿಗೆ ಬರೆದ ವಾಕ್ಯವನ್ನು ಕೇಳಬೇಕಾಗಿ ಬಂದದ್ದು.

“ಅಜ್ಜಾರ, ಇಲ್ಲಿ ನೋಡ್ರಿ,” ಎಂದು ಇಂಜಿನಿಯರು ಪರದೆಯನ್ನು ನನ್ನ ಕಡೆ ತಿರುಗಿಸಿದರು. “ಟೆಂಡರ್ ಕಾಗದ ನಿಮ್ಮ ಸಾಲಿನವರು ಬಹುತೇಕ ಎಲ್ಲಾರೂ ಇಳಿಸಿಕೊಂಡಾರ. ಅಂದ್ರ ಎಲ್ಲಾರಿಗೂ ಬೇಕಾಗಿತ್ತು. ಆದ್ರ ಹಾಕಿದವರು ನೀವೊಬ್ಬರ. ನೋಡಿದವರು ಏನಂತಾರ?”

“ನಾನು ಹಿರ್ಯಾಂವ. ನಾ ಹಾಕತೇನಿ ಅಂದೆ. ಅವರು ಹಿಂದ ಸರದ್ರು. ಅದಕ್ಕ ಸೌಜನ್ಯ ಅಂತಾರ್ರಿ,” ಎಂದೆ.

“ಸೌಜನ್ಯಕ್ಕ ಪೋರ್ಟಲ್‌ನ್ಯಾಗ ಕಾಲಮ್ ಇಲ್ರಿ.”

ಅವರು ವ್ಯಂಗ್ಯಕ್ಕೆ ಹೇಳಲಿಲ್ಲ. ನಿಜಕ್ಕೂ ಇಲ್ಲವಲ್ಲ ಎಂಬ ಧಾಟಿಯಲ್ಲಿ ಹೇಳಿದರು. ಆಮೇಲೆ ಧ್ವನಿ ತಗ್ಗಿಸಿ ಇನ್ನೊಂದನ್ನು ವಿವರಿಸಿದರು. “ಈ ಮೀಸಲು ಪಾಲು ಉಳೀಬೇಕು ಅಂತ ನನಗೂ ಅದ. ಇನ್ನೊಂದು ಸಲ ನಿಮ್ಮಂಥ ಸಣ್ಣ ಘಟಕಕ್ಕ ಮಾತ್ರ ಕರೀತೇವಿ. ಆವಾಗೂ ಒಂದ ಬಂತು ಅಂದ್ರ ಟೆಂಡರ್ ದೊಡ್ಡವರು ಸಣ್ಣವರು ಎಲ್ಲಾರಿಗೂ ತೆಗೀಬೇಕಾಗ್ತದ. ಆಮ್ಯಾಲ ಯಾರು ಬರತಾರ ನಿಮಗೂ ಗೊತ್ತದ.”

ಗೊತ್ತಿತ್ತು. ಲಾರಿ ಬರುತ್ತದೆ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಸಿಟ್ಟು ಬಂದದ್ದು ಇಂಜಿನಿಯರರ ಮೇಲಲ್ಲ. ಆ ನೀತಿಯನ್ನು ಬರೆದವರ ಮೇಲೆ. ಸ್ಥಳೀಯ ಎಂದರೆ ಅವರಿಗೆ ಒಂದು ವಿಳಾಸ. ಲಕಮನಹಳ್ಳಿಯಲ್ಲಿ ಶೆಡ್ಡು ಇದೆಯೇ, ಇದೆ; ಹಾಗಾದರೆ ಸ್ಥಳೀಯ. ಒಂದು ಸ್ಥಳದಲ್ಲಿ ಬಹುಕಾಲ ಬದುಕಿದವರು ಒಬ್ಬರನ್ನೊಬ್ಬರು ಬಲ್ಲವರಾಗಿರುತ್ತಾರೆ, ಒಬ್ಬರ ಮನೆಯ ಮದುವೆಯಲ್ಲಿ ಇನ್ನೊಬ್ಬರು ಬಡಿಸಿರುತ್ತಾರೆ, ಆದ್ದರಿಂದಲೇ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರಲು ನಾಚುತ್ತಾರೆ, ಎಂಬುದು ಅವರ ಲೆಕ್ಕದಲ್ಲಿರಲಿಲ್ಲ. ನಮ್ಮನ್ನು ಸ್ಥಳೀಯರೆಂದು ಕರೆದು, ಅಪರಿಚಿತರಂತೆ ನಡೆದುಕೊಳ್ಳಿರೆಂದು ಕೇಳಿದ್ದರು.

ಮರುದಿನ ಚಹಾದ ಗಾಡಿಯ ಹತ್ತಿರ ನಡೆದದ್ದನ್ನೆಲ್ಲ ಹೇಳಿದೆ. ಸಾಲಿನ ಆ ತುದಿಯಲ್ಲಿ ವಾಲ್ವಿನ ಎರಕ ಮಾಡುವವನು ಮೊದಲು ಬಾಯಿ ತೆರೆದ. ಅವನು ಮಾತುಗಾರ.

“ಇಷ್ಟಕ್ಕ ಯಾಕ ಚಿಂತಿ ಮಾಡತೀರಿ ಕಾಕಾ. ನಾವಿಬ್ಬರು ಮೂವರು ಹಾಕತೇವಿ ಬಿಡ್ರಿ. ನಿಮ್ಮಕಿಂತ ಜಾಸ್ತಿ ದರ ಬರೀತೇವಿ. ಕೆಲಸ ನಿಮಗ ಬರತೈತಿ, ಅವರ ಪೋರ್ಟಲ್ಲೂ ತುಂಬತೈತಿ.”

“ಮತ್ತ ಅದರಾಗ ಸಹಿ ಮಾಡಬೇಕಲ್ಲ, ಈ ದರ ನಾನು ಸ್ವತಂತ್ರ ಆಗಿ ಹಾಕೇನಿ ಅಂತ?”

“ಸಹಿ ಏನು, ಎಲ್ಲಾರೂ ಮಾಡತಾರು.”

“ಎಲ್ಲಾರೂ ಮಾಡ್ಲಿ. ನಿನ್ನಿ ನನಗ ಆ ಹೆಣ್ಣುಮಗಳು ಕಳ್ಳ ಅಂದಂಗ ಅಂದಳು. ನಿನ್ನಿ ಅದು ಸುಳ್ಳಿತ್ತು. ನೀ ಹೇಳಿದಂಗ ಮಾಡಿದ್ರ ಇವತ್ತಿಂದ ಖರೇ ಆಕ್ಕೈತಿ.”

ಅವನು ನಕ್ಕು, “ಕಾಕಾರು ಅರಿವಿ ಹೊಲಿಯಾಕ ಕೊಟ್ರ ಸೂಜಿನೂ ಪರೀಕ್ಷಾ ಮಾಡಾವ್ರು” ಎಂದ. ಎಲ್ಲರೂ ನಕ್ಕರು. ಆ ಮಾತನ್ನೂ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಸುಮ್ಮನಿರುವುದು ಬೇರೆ, ಸುಳ್ಳು ಬರೆಯುವುದು ಬೇರೆ. ನನ್ನ ದಾರಿಗೆ ಅಡ್ಡ ಬರದೆ ಪಕ್ಕಕ್ಕೆ ನಿಲ್ಲುವವನು ನೆರೆಯವನು; ಓಡುವ ಹಾಗೆ ನಟಿಸಿ ಬೇಕೆಂದೇ ಎಡವುವವನು ನಟ. ಕಾನೂನಿನ ಕಣ್ಣಿಗೆ ಎರಡೂ ಒಂದೇ ಇರಬಹುದು. ನನಗಲ್ಲ. ಆದ್ದರಿಂದ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನಾನೂ ಹಾಕತೇನಿ. ನಿಮ್ಮೊಳಗ ಹಾಕೋರು ಇದ್ದರ ಹಾಕ್ರಿ. ಆದ್ರ ಖರೇ ದರ ಹಾಕ್ರಿ. ಕೆಲಸ ಬಂದ್ರ ಮಾಡತೇನಿ ಅನ್ನಾವ್ರು ಮಾತ್ರ ಹಾಕ್ರಿ. ನನಗ ಹೇಳಬ್ಯಾಡ್ರಿ.”

ಎದುರಿನ ಶೆಡ್ಡಿನವನು ಕಪ್ಪಿನ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆಯುತ್ತ ನಿಂತಿದ್ದ.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಹುಲಿಗೆ ಬಾಗಲಾ ತಗದು, ಬಾ ಕುಂದ್ರು ಅಂದ್ರಿ. ಇನ್ನ ಕಚ್ಚಿದ್ರ ಸಿಟ್ಟಾಗಬ್ಯಾಡ್ರಿ.”

“ಹುಲಿ ಯಾರದಾರ ನಮ್ಮ ಸಾಲಿನ್ಯಾಗ?”

“ಯಾರೂ ಇಲ್ಲ ಅಂತ ಹ್ಯಾಂಗ ಗೊತ್ತು? ಇಲ್ಲಿತನಾ ಬಾಗಲಾ ಎಲ್ಲಿ ತಗದಿದ್ರಿ?”

ಟೆಂಡರಿನ ಕಾಲ ಮುಗಿಯುವವರೆಗಿನ ಆ ದಿನಗಳು ನಮ್ಮ ಸಾಲಿನಲ್ಲಿ ಹಿಂದೆಂದೂ ಕಾಣದ ದಿನಗಳು. ಮರಳಿನ ಬೆಲೆ ಕೇಳಿದರೆ ಜನ ಉತ್ತರಿಸುವ ಮೊದಲು ಯೋಚಿಸುತ್ತಿದ್ದರು. ಭಟ್ಟಿಗೆ ಉರಿಸುವ ಕೋಕ್ ಕಲ್ಲಿದ್ದಲನ್ನು ಎಲ್ಲಿಂದ ತರಿಸಿದಿರಿ ಎಂದು ಕೇಳುವುದನ್ನು ನಾನೇ ನಿಲ್ಲಿಸಿದೆ. ನನ್ನ ದರವನ್ನು ಎರಡು ಸಲ ಬರೆದು ಹರಿದು, ಮೂರನೆಯ ಸಲ ಬರೆದೆ. ಮೊದಲನೆಯ ಸುತ್ತಿನಲ್ಲಿ ನಾನು ಹಾಕಿದ್ದು ನನಗೆ ಸರಿಯೆನಿಸಿದ ದರ. ಈಗ ಹಾಕಬೇಕಾದದ್ದು ಇನ್ನೊಬ್ಬನು ಎಷ್ಟು ಹಾಕಿಯಾನು ಎಂದು ಊಹಿಸಿದ ದರ. ಈ ವಯಸ್ಸಿನವರೆಗೆ ನಾನು ಆ ಲೆಕ್ಕವನ್ನು ಮಾಡಿರಲಿಲ್ಲ. ಸ್ವಲ್ಪ ಇಳಿಸಿದೆ. ಮುಂಚೆಯೇ ಇಳಿಸಬಹುದಾಗಿತ್ತಲ್ಲ ಎಂದು ಪೆನ್ನು ಕೈಯಲ್ಲಿದ್ದಾಗಲೇ ಅನ್ನಿಸಿತು. ಅದನ್ನು ಅಲ್ಲಿಗೇ ಬಿಟ್ಟೆ.

ದರಗಳು ತೆರೆದ ದಿನ ಮೊಬೈಲಿಗೆ ಸಂದೇಶ ಬಂತು. ಕನ್ನಡಕ ಶೆಡ್ಡಿನಲ್ಲಿ ಉಳಿದಿತ್ತು, ಹೆಂಡತಿ ಓದಿದಳು. ಮೂರು ಟೆಂಡರು ಬಂದಿದ್ದವು. ಎಲ್ಲಕ್ಕಿಂತ ಕಡಿಮೆ ಎದುರಿನ ಶೆಡ್ಡಿನವನದು. ನನ್ನದು ಎರಡನೆಯದು.

ಅವಳು ಹುಲಿಯ ಮಾತನ್ನು ಎತ್ತಲಿಲ್ಲ. ಅದು ಅವಳ ದೊಡ್ಡ ಗುಣ.

ನಾನು ಸಿಟ್ಟಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಖರೇ ದರ ಹಾಕಿರಿ ಎಂದಿದ್ದೆ, ಗೆಲ್ಲಿರಿ ಎಂದಿರಲಿಲ್ಲ. ಎರಡೂ ಒಂದೇ ಎಂದು ಬುದ್ಧಿ ಹೇಳುತ್ತಿತ್ತು. ಎರಡನೆಯ ಪಂಕ್ತಿಯ ಹೋಳಿಗೆಯಿಂದ ಹಿಡಿದು ಅವನ ಕಡೆಯ ಪ್ರತಿಯೊಂದನ್ನೂ ಆ ಸಂಜೆ ಒಮ್ಮೆ ತಿರುವಿ ಹಾಕಿದೆ. ಅವನಿಗೆ ಆ ದರ ಹೇಗೆ ಸಾಧ್ಯವಾಯಿತೆಂಬುದು ಗುಟ್ಟೇನಲ್ಲ. ಅವನದು ಕರೆಂಟಿನ ಭಟ್ಟಿ, ನನ್ನದು ಕೋಕ್ ಉರಿಸುವ ಹಳೆಯದು. ಅವನು ಆ ಭಟ್ಟಿಯನ್ನು ತಂದಾಗ ಸಾಲಿನವರೆಲ್ಲ ಹೋಗಿ ನೋಡಿ ಬಂದಿದ್ದೆವು. ನೋಡಿ ಬಂದೆವು, ಅಷ್ಟೇ. ಯಾರ ಕಬ್ಬಿಣ ಅಗ್ಗ, ಯಾರದು ತುಟ್ಟಿ ಎಂದು ಅಕ್ಕಪಕ್ಕ ಇಟ್ಟು ನೋಡುವ ಸಂದರ್ಭವೇ ನಮ್ಮಲ್ಲಿ ಒದಗಿರಲಿಲ್ಲ. ಒದಗದ ಹಾಗೆ ನೋಡಿಕೊಂಡದ್ದು ನಮ್ಮ ಮರ್ಯಾದೆ. ಆ ಮರ್ಯಾದೆಯ ಖರ್ಚನ್ನು ಇಷ್ಟು ವರ್ಷ ಭರಿಸಿದವರು ಯಾರು? ಗಿರಾಕಿಗಳಿರಬೇಕು. ಈ ಪ್ರಶ್ನೆಯನ್ನು ನನ್ನ ತಂದೆಯ ಮುಂದೆ ಇಟ್ಟಿದ್ದರೆ ಅವರು ನನ್ನನ್ನು ದುಕಾನಿನಿಂದ ಹೊರಗೆ ಕಳಿಸುತ್ತಿದ್ದರು. ಅದು ಬರೀ ಖರ್ಚು ಎಂಬುದಕ್ಕೆ ನಾನೂ ಪೂರ್ತಿ ಒಪ್ಪಿಲ್ಲ. ನಮ್ಮ ಸಾಲಿನಲ್ಲಿ ಯಾರ ಕ್ರೇನು ಕೆಟ್ಟರೂ ಇನ್ನೊಬ್ಬನ ಕ್ರೇನು ಬರುತ್ತಿತ್ತು, ಯಾರ ಮನೆಯಲ್ಲಿ ಸಾವಾದರೂ ಇನ್ನೊಬ್ಬನ ಆಳುಗಳು ಅವನ ಅಚ್ಚು ಮುಗಿಸಿಕೊಡುತ್ತಿದ್ದರು. ಆ ಖರ್ಚಿನಿಂದ ಈ ಉಪಕಾರವನ್ನು ಕಳೆದು ನೋಡಿದವರು ಯಾರಿದ್ದಾರೆ?

ಅವನು ಬಂದದ್ದು ಎರಡು ದಿನ ಬಿಟ್ಟು. ಗೇಟಿನ ಹೊರಗೇ ನಿಂತ.

“ಒಳಗ ಬಾ,” ಎಂದೆ. ಕುರ್ಚಿ ತೋರಿಸಿದೆ. ನೀರು ಬಂತು. ಕುಡಿದ.

“ಸಿಟ್ಟಾಗೀರೇನ್ರಿ ಕಾಕಾ?”

“ಕೇಳದ ಹಾಕಿದಿ.”

“ಹೇಳಬ್ಯಾಡ್ರಿ ಅಂತ ನೀವ ಅಂದ್ರಿ.”

“ನಾ ಎಷ್ಟೋ ಹೇಳತೇನಿ.”

ಅವನು ತಂಬಿಗೆಯನ್ನು ಕೆಳಗಿಟ್ಟ. “ಕೇಳಿದ್ರ ನೀವು ಬ್ಯಾಡ ಅಂತಿದ್ದಿಲ್ರಿ. ಆದ್ರ ನಿಮ್ಮ ಮಾರಿ ನೋಡಿದ ಮ್ಯಾಲ ನಾನ ಹಾಕತಿದ್ದಿಲ್ಲ. ನನ್ನ ಭಟ್ಟಿಯ ಸಾಲ ಇನ್ನೂ ತೀರಿಲ್ಲ. ನನಗೂ ಕೆಲಸ ಇಲ್ಲ ಕಾಕಾ. ನಾ ಅದನ್ನ ಚಹಾದ ಮುಂದ ಹೇಳೂದಿಲ್ಲ, ಇಷ್ಟ.”

ಎದುರು ಬದುರು ಶೆಡ್ಡು ಇದ್ದೂ ನನಗೆ ಅದು ಗೊತ್ತಿರಲಿಲ್ಲ. ನಾನು ಹೇಳದ ಹಾಗೆ ಅವನೂ ಹೇಳಿರಲಿಲ್ಲ.

ಆಮೇಲೆ ಅವನು ಬಂದ ಕಾರಣವನ್ನು ಹೇಳಿದ. ಕೆಲಸ ದೊಡ್ಡದು, ಅವನ ಬಳಿ ಅಚ್ಚು ಕಟ್ಟುವವರು ಸಾಲದು. “ಅರ್ಧಾ ಮುಚ್ಚಳಾ ನೀವು ಹೊಯ್ದು ಕೊಡ್ರಿ. ಯಾರಿಗೂ ಗೊತ್ತಾಗೂದಿಲ್ಲ. ಲೋಹ ಲೋಹನ.”

“ಇನ್ನೊಬ್ಬರಿಗೆ ಕೊಡಬಾರದು ಅಂತ ಒಪ್ಪಂದದಾಗ ಐತಿ. ಓದೇನಿ. ನಾನೂ ಅದ ಕಾಗದಕ್ಕ ದರ ಹಾಕಿದಾಂವ.”

“ಹೌದ್ರಿ. ಓದಿರತೀರಿ ಅಂತ ಗೊತ್ತಿತ್ತು,” ಎಂದು ಅವನು ನಕ್ಕ. ಅದು ಹೊಗಳಿಕೆಯೋ ಮೂದಲಿಕೆಯೋ ನಾನು ಇನ್ನೂ ತೀರ್ಮಾನಿಸಿಲ್ಲ.

ಅರ್ಧ ಕೆಲಸವನ್ನು ನಾನು ಒಲ್ಲೆನೆಂದೆ. ಆದರೆ ಕೆಲಸಗಾರರಿಗೆ ಯಾವ ಕಾಗದವೂ ಬೇಲಿ ಹಾಕಿಲ್ಲ. ಅವರು ದಿನಗೂಲಿಯವರು, ಯಾರ ಶೆಡ್ಡಿನಲ್ಲಾದರೂ ದುಡಿಯಬಹುದು. ಮರುದಿನ ನನ್ನ ಹಿರಿಯ ಅಚ್ಚಿನವನನ್ನು ಕರೆದು, ಆ ಕಡೆ ಕೆಲಸವಿದೆ, ಹೋಗಿರಿ ಎಂದೆ. ಅವನು ಟವೆಲ್ಲನ್ನು ಹೆಗಲಿನಿಂದ ತೆಗೆದು ಮತ್ತೆ ಹಾಕಿಕೊಂಡ. “ನೀವು?” ಎಂದು ಕೇಳಿದ. ಅವರು ರಸ್ತೆ ದಾಟಿ ಹೋದದ್ದನ್ನು ನೋಡಿದೆ. ರಸ್ತೆ ಅಗಲವಿಲ್ಲ. ಆದರೂ ಅಷ್ಟು ಜನ ಒಮ್ಮೆಗೇ ದಾಟಿದಾಗ ಅದು ಅಗಲವಾಗಿ ಕಂಡಿತು.

ಆ ಹಂಗಾಮಿನಲ್ಲಿ ಎದುರಿನ ಭಟ್ಟಿ ಉರಿಯಿತು, ನನ್ನದು ತಣ್ಣಗಿತ್ತು. ಅಚ್ಚು ಒಡೆಯುವ ಸದ್ದು ದಿನವಿಡೀ ಬರುತ್ತಿತ್ತು. ಮುಚ್ಚಳಗಳನ್ನು ಅಂಗಳದಲ್ಲಿ ಒಟ್ಟಿದಾಗ ನಾನು ಒಮ್ಮೆ ಹೋಗಿ ನೋಡಿದೆ. ಒಂದನ್ನು ಮಗುಚಿ, ಅಂಚಿನ ಮೇಲೆ ಬೆರಳಾಡಿಸಿದೆ. ಒಳ್ಳೆಯ ಎರಕ. ಮೇಲೆ ಊರಿನ ಹೆಸರಿತ್ತು. ನನ್ನ ಆಳುಗಳು ಕಟ್ಟಿದ ಅಚ್ಚು. ಅದನ್ನು ಹೊಯ್ದವನು ನಾನಲ್ಲ ಎಂಬ ಸಂಕಟವೂ, ಲಾರಿಯಲ್ಲಿ ಬಂದದ್ದಲ್ಲ ಎಂಬ ಸಮಾಧಾನವೂ ಒಂದೇ ಬೆರಳಿನಲ್ಲಿದ್ದವು. ಯಾವುದು ಹೆಚ್ಚು ಎಂದು ಕೇಳಿದರೆ ಆಯಾ ದಿನವನ್ನು ಅವಲಂಬಿಸಿದೆ.

ಈಗ ಮುಂದಿನ ರಸ್ತೆಗಳ ಪಾಲಿಗೆ ಮತ್ತೆ ಟೆಂಡರು ಕರೆದಿದ್ದಾರೆ, ಸಣ್ಣ ಘಟಕಗಳಿಗೇ. ಚಹಾದ ಗಾಡಿಯ ಹತ್ತಿರ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಮಳೆಯ ಮಾತು, ಕರೆಂಟು ಹೋದ ಮಾತು ಆಗುತ್ತದೆ, ಮೊದಲಿಗಿಂತ ಹೆಚ್ಚಾಗಿಯೇ ಆಗುತ್ತದೆ. ಎದುರಿನವನು ನನಗೆ ಕುಳಿತುಕೊಳ್ಳಲು ಜಾಗ ಬಿಡುತ್ತಾನೆ. ನಾನು ಅವನ ಮಗಳ ಪರೀಕ್ಷೆಯ ಬಗ್ಗೆ ಕೇಳುತ್ತೇನೆ. ಅವನು ಎಷ್ಟು ಹಾಕಿದ್ದಾನೆ ಎಂದು ನನಗೆ ಗೊತ್ತಿಲ್ಲ, ನಾನು ಹಾಕಿದ್ದೇನೆಯೇ ಎಂದು ಅವನಿಗೆ ಗೊತ್ತಿಲ್ಲ. ನಾವು ಕಾನೂನಿಗೆ ಒಪ್ಪುವ ಹಾಗೆ ಬದುಕುತ್ತಿದ್ದೇವೆ.

ನಾನು ಹಾಕಿದ್ದೇನೆ. ಕೋಕಿನ ಭಟ್ಟಿಯಲ್ಲಿ ಸಾಧ್ಯವಾಗುವ ಕೊನೆಯ ದರವನ್ನು ಹಾಕಿದ್ದೇನೆ. ಅದರ ಕೆಳಗೆ ಇಳಿದರೆ ಅದು ಖರೇ ದರವಲ್ಲ. ಮೊನ್ನೆ ಹಿರಿಯ ಅಚ್ಚಿನವನು ಸಂಜೆ ಆ ಕಡೆಯ ಕೆಲಸ ಮುಗಿಸಿ ನನ್ನ ಗೇಟಿಗೆ ಬಂದ.

“ಅಲ್ಲಿ ಈ ವಾರ ಮುಗೀತೈತ್ರಿ. ಮುಂದ ಎತ್ತಾಗ ಬರಬೇಕ್ರಿ ಯಜಮಾನರ, ಈ ಕಡೆನೋ ಆ ಕಡೆನೋ?”

“ದರ ತೆಗದ ಮ್ಯಾಲ ಹೇಳತೇನಿ.”

“ನಿಮಗ ಅಂದಾಜು ಇರಬೇಕಲ್ರಿ.”

“ಇಲ್ಲ,” ಎಂದೆ. “ಈಗ ಯಾರಿಗೂ ಇರೂದಿಲ್ಲ.”

ಅವನು ಹೋಗಲಿಲ್ಲ. ಭಟ್ಟಿಯ ಬಾಯಿಯೊಳಗೆ ಬಗ್ಗಿ ನೋಡಿ, ಒಳಗೋಡೆ ಬಿರುಕು ಬಿಟ್ಟಿದೆ, ಉರಿಸುವ ಮೊದಲು ಮಣ್ಣು ಮೆತ್ತಬೇಕು ಎಂದ. ಉರಿಸುವುದಾದರೆ ಎನ್ನಲಿಲ್ಲ. ನಾನು ಒಳಗೆ ಹೋಗಿ ಮಣ್ಣಿನ ಬುಟ್ಟಿ ತಂದೆ. ಬೆಳಕು ಇರುವಷ್ಟು ಹೊತ್ತು ಅವನು ಒಳಗೆ ನಿಂತು ಮಣ್ಣು ಮೆತ್ತಿದ, ನಾನು ಹೊರಗೆ ನಿಂತು ಮುದ್ದೆ ಕಟ್ಟಿ ಕೊಟ್ಟೆ.